ಅರ್ಧ ಸೆಕೆಂಡಿನ ತಡ

9 ಜೂನ್ 1969

ಅಕ್ಕಾ,

ನಿನ್ನ ಕಾಗದ ಬಂದು ಎರಡು ವಾರದ ಮೇಲಾಯ್ತು. ಉತ್ತರ ತಡ ಮಾಡಿದೆ ಅಂತ ಬೈಯಬೇಡ. ಇಲ್ಲಿ ಗುಡ್ಡದ ಮೇಲೆ ಒಂದೇ ಸಮನೆ ಗಾಳಿ. ದೂರದರ್ಶಕದ ಕೋಣೆಯ ಸೂರಿನ ತಗಡು ಎದ್ದು ಹಗಲೂ ರಾತ್ರಿ ಬಡಕೊಳ್ತಾ ಇತ್ತು. ನಾನೂ ಕಾವಲುಗಾರನೂ ಸೇರಿ ಅದರ ಮೇಲೆ ಕಲ್ಲು ಹೇರಿ ಸುಮ್ಮನಾಗಿಸಿದ್ವಿ. ಹತ್ತಿದವನು ಅವನು, ಏಣಿ ಹಿಡಿದವನು ನಾನು. ಸರ್ಕಾರಿ ನೌಕರ ಅಂದ್ರೆ ಹಾಗೇ ತಾನೆ.

ಹೋದ ತಿಂಗಳು ಸಿಕ್ಕಿದ ನಕ್ಷತ್ರಗಳ ಸಮಯಗಳನ್ನೆಲ್ಲ ನಿನ್ನ ಕಚೇರಿಗೆ ಬೇರೆ ಲಕೋಟೆಯಲ್ಲಿ ಕಳಿಸಿದ್ದೀನಿ. ಮೋಡ ಜಾಸ್ತಿ, ಫಸಲು ಕಮ್ಮಿ.

ಮೊನ್ನೆ ಇವಳು ಒಂದು ಪ್ರಶ್ನೆ ಕೇಳಿದಳು. "ಮದುವೆ ಆದಾಗಿನಿಂದ ನೋಡ್ತಾ ಇದ್ದೀನಿ. ಚಂದ್ರ ಹೋಗಿ ನಕ್ಷತ್ರದ ಮುಂದೆ ನಿಲ್ತಾನೆ, ನಕ್ಷತ್ರ ಪಟ್ಟನೆ ಆರುತ್ತೆ, ನೀವು ಗುಂಡಿ ಒತ್ತುತ್ತೀರ. ಅದರಿಂದ ಯಾರಿಗೇನು?" ನಾನು ಭೂಮಿ, ಗಡಿಯಾರ, ಗ್ರಹ ಅಂತ ಶುರು ಮಾಡಿ ನಡುವೆ ಎಲ್ಲೋ ಕಳೆದುಹೋದೆ. "ನಿಮಗೂ ಗೊತ್ತಿಲ್ಲ ಅಂದುಬಿಡಿ, ನಾನೇನೂ ಯಾರಿಗೂ ಹೇಳಲ್ಲ" ಅಂದಳು. ಚಿಕ್ಕಂದಿನಲ್ಲಿ ನನಗೆ ಭಾಗಾಕಾರ ತಲೆಗೆ ಹತ್ತಿಸಿದವಳು ನೀನು. ಅವಳಿಗೂ ನಾಲ್ಕು ಸಾಲು ಬರಿ.

ಅಪ್ಪ ಹೋಗಿ ವರ್ಷ ಆಗ್ತಾ ಬಂತು. ಅವರಿಗೆ ಉಣ್ಣಿಸೋದು, ಅಂಗಿಯ ಗುಂಡಿ ಹಾಕೋದು, ಮಗ್ಗುಲು ಹೊರಳಿಸೋದು, ಎಲ್ಲಾ ನೀನೊಬ್ಬಳೇ ಮಾಡಿದೆ. ನಾನು ಕೊನೆಗೆ ನೆಂಟನ ಹಾಗೆ ಬಂದು ಹೋದೆ. ಇನ್ನಾದರೂ ನಿನ್ನ ಪಾಡಿಗೆ ನೀನಿರು ಅಕ್ಕಾ. ಯಾರ ಸೇವೆಯೂ ಬೇಡ. ಭಾನುವಾರ ಹೊತ್ತೇರೋವರೆಗೆ ಮಲಗು.

ನಾವಿಬ್ಬರೂ ಚೆನ್ನಾಗಿದ್ದೀವಿ.

ನಿನ್ನ ತಮ್ಮ


2 ಜುಲೈ 1969

ಮರಿ,

ನಿನ್ನ ಕಾಗದ ಓದೋಕೆ ಭೂತಗನ್ನಡಿ ಬೇಕಾಯಿತು. ಕಾಗದ ಉಳಿಸುತ್ತಿದ್ದೀಯೇನು? ಮೊದಲ ಸಾಲು ಪರವಾಗಿಲ್ಲ, ಕೊನೆಗೆ ಬರುವ ಹೊತ್ತಿಗೆ ಇರುವೆ ಸಾಲು.

ನಿನ್ನ ಹೆಂಡತಿಗೆ ಇದನ್ನು ಓದಿ ಹೇಳು. ದಿನ, ಗಂಟೆ, ಸೆಕೆಂಡು ಅಂತ ನಾವು ಅನ್ನುವುದೆಲ್ಲ ಭೂಮಿ ತನ್ನ ಸುತ್ತ ತಿರುಗುವುದನ್ನು ತುಂಡು ಮಾಡಿ ಇಟ್ಟುಕೊಂಡದ್ದು. ಆದರೆ ಭೂಮಿ ನೆಟ್ಟಗೆ ತಿರುಗುವುದಿಲ್ಲ. ಶತಮಾನಗಳಿಂದ ಮೆಲ್ಲಗಾಗುತ್ತಾ ಬಂದಿದೆ, ನಡುವೆ ಒಂದೊಂದು ವರ್ಷ ಕಾರಣ ಹೇಳದೆ ಹಿಂದೆ ಮುಂದೆ ಆಗುತ್ತದೆ. ಗ್ರಹಗಳು ಭೂಮಿಯ ಗಡಿಯಾರ ನೋಡಿಕೊಂಡು ಓಡುವುದಿಲ್ಲವಲ್ಲ. ಬುಧ ಇಂಥ ಹೊತ್ತಿಗೆ ಇಂಥಲ್ಲಿರುತ್ತಾನೆ ಅಂತ ನಾನು ಲೆಕ್ಕ ಹಾಕಬೇಕಾದರೆ ಏರುಪೇರಿಲ್ಲದ ಇನ್ನೊಂದು ಕಾಲ ಬೇಕು. ನಮ್ಮ ಕಚೇರಿಯ ಗ್ರಹಪುಸ್ತಕದಲ್ಲಿ ಅದನ್ನು ಎಫೆಮೆರಿಸ್ ಕಾಲ ಅಂತ ಅಚ್ಚು ಹಾಕುತ್ತೇವೆ. ನಾವು ಗ್ರಹಕಾಲ ಅನ್ನೋಣ. ಅದನ್ನು ತೋರಿಸುವ ಗಡಿಯಾರ ಆಕಾಶದಲ್ಲೇ ಇದೆ. ಚಂದ್ರ ಮುಳ್ಳು, ನಕ್ಷತ್ರಗಳು ಅಂಕಿ. ಮುಳ್ಳು ಅಂಕಿಯನ್ನು ಮುಚ್ಚಿದ ಕ್ಷಣಕ್ಕೆ ನಿನ್ನ ಗಂಡ ಗುಂಡಿ ಒತ್ತುತ್ತಾನೆ. ಅವನ ಕೋಣೆಯ ಗಡಿಯಾರ ಹೇಳಿದ್ದು ಭೂಮಿಯ ಕಾಲ, ಚಂದ್ರ ಹೇಳಿದ್ದು ಗ್ರಹಕಾಲ. ಎರಡರ ನಡುವೆ ಈಗ ಸುಮಾರು ನಲವತ್ತು ಸೆಕೆಂಡು ಅಂತರವಿದೆ. ಆ ಅಂತರ ಸರಿಯಾಗಿ ಗೊತ್ತಿಲ್ಲದಿದ್ದರೆ ಗ್ರಹಣದ ನೆರಳು ಯಾವ ಊರಿನ ಮೇಲೆ ಹಾಯುತ್ತದೆ ಅಂತಲೂ ಹೇಳಲಾರೆವು. ಅದಕ್ಕೇ ನಿನ್ನ ಗಂಡನಂಥವರು ಊರೂರಿನ ಗುಡ್ಡದ ಮೇಲೆ ಕೂತಿರುವುದು.

ಈಗ ನಿನಗೆ. ಹೋದ ವರ್ಷದ ಕೊನೆಯಿಂದ ನಿನ್ನ ಸಮಯಗಳು ಮೆಲ್ಲ ಮೆಲ್ಲಗೆ ತಡವಾಗುತ್ತಿವೆ. ಈಗ ಹೆಚ್ಚುಕಡಿಮೆ ಅರ್ಧ ಸೆಕೆಂಡು. ಉಳಿದ ವೀಕ್ಷಣಾ ಠಾಣೆಗಳೆಲ್ಲ ಭೂಮಿ ಮೆಲ್ಲಗಾಗುತ್ತಿದೆ ಅಂದರೆ, ನಿನ್ನ ಠಾಣೆ ಒಂದೇ ಭೂಮಿಗೆ ಏನೋ ಅವಸರ ಬಂದಿದೆ ಅನ್ನುತ್ತಿದೆ. ಪಕ್ಕದ ಮೇಜಿನ ಹಿರಿಯರು, "ನಿಮ್ಮ ತಮ್ಮನ ಗುಡ್ಡದ ಮೇಲೆ ಭೂಮಿ ಬೇರೆಯೇ ಇರಬೇಕು" ಅಂತ ನಕ್ಕರು. ನಾನೂ ನಕ್ಕೆ, ಆದರೆ ಹಿಡಿಸಲಿಲ್ಲ. ರೇಡಿಯೋದ ಸಮಯ ಸಂಕೇತ, ಗಡಿಯಾರ, ಗುಂಡಿಯ ತಂತಿ, ಎಲ್ಲ ನೋಡು. ದೋಷ ಯಾವುದೋ ಒಂದರಲ್ಲಿದೆ.

ನಾನು ಚೆನ್ನಾಗಿ ನಿದ್ದೆ ಮಾಡುತ್ತಿದ್ದೇನೆ. ಅಪ್ಪನ ಮಂಚವನ್ನು ಕೊಟ್ಟುಬಿಟ್ಟೆ. ಕೋಣೆ ದೊಡ್ಡದಾಗಿ ಕಾಣುತ್ತದೆ.

ನಿನ್ನ ಅಕ್ಕ


11 ಆಗಸ್ಟ್ 1969

ಅಕ್ಕಾ,

ಟೈಪು ಹೊಡೆದ ಕಾಗದ ನೋಡಿ ಗಾಬರಿಯಾಗಬೇಡ, ಕೆಲಸದಿಂದ ತೆಗೆದಿಲ್ಲ. ಕೆಳಗೆ ಅಂಚೆ ಕಚೇರಿಯಲ್ಲಿ ಹಳೇ ಟೈಪ್‌ರೈಟರ್ ಒಂದನ್ನು ಮೂಲೆಗೆ ಹಾಕಿದ್ದರು, ತಂದೆ. ಇನ್ನು ಮೇಲೆ ನಿನಗೆ ಭೂತಗನ್ನಡಿ ಬೇಡ.

ತಡ ಎಲ್ಲಿತ್ತು ಅಂತ ಸಿಕ್ಕಿತು. ಗುಂಡಿಯ ಕೆಳಗಿನ ಸ್ಪ್ರಿಂಗು ತುಕ್ಕು ಹಿಡಿದಿತ್ತು. ಒತ್ತಿದ ಮೇಲೆ ಯೋಚನೆ ಮಾಡಿ ಕೆಳಗೆ ಹೋಗ್ತಾ ಇತ್ತು, ನಮ್ಮ ಹಳೇ ಮೇಲಧಿಕಾರಿಯ ಹಾಗೆ. ಬದಲಾಯಿಸಿದೆ. ನಿನ್ನ ಕಾಗದ ಕೈಗೆ ಬಂದ ದಿನದಿಂದಲೇ ಎಲ್ಲಾ ಸರಿ ಹೋಗಿದೆ. ಇನ್ನು ನಿಮ್ಮ ಹಿರಿಯರು ನಗಬೇಕಾಗಿಲ್ಲ.

ನೀನು ಬರೆದದ್ದನ್ನು ಇವಳು ಎರಡು ಸಲ ಓದಿಸಿಕೊಂಡಳು. "ನಿಮ್ಮ ಅಕ್ಕ ಹೇಳಿದ್ರೆ ಅರ್ಥ ಆಗುತ್ತೆ ನೋಡಿ" ಅಂದಳು. ಈಗ ಸಂಜೆ ನಾನು ಮೇಲೆ ಹೊರಟರೆ ಶಾಲು ಹೊದ್ದು ಅವಳೂ ಬರ್ತಾಳೆ. ಒಂದೊಂದು ಸಲ ಕಣ್ಣಿಟ್ಟು ನೋಡ್ತಾಳೆ. ನನಗೂ ಜೊತೆಯಾಯ್ತು.

ಮಂಚ ಕೊಟ್ಟಿದ್ದು ಒಳ್ಳೇದಾಯ್ತು.

ನಿನ್ನ ತಮ್ಮ


20 ನವೆಂಬರ್ 1969

ಮರಿ,

ಹೊಸ ಸಮಯಗಳು ಬಂದವು. ಜುಲೈ ಎರಡನೇ ವಾರದಿಂದ ಒಂದೂ ತಡವಿಲ್ಲ. ಇಷ್ಟು ವರ್ಷ ನೀನು ಕಳಿಸಿದ್ದರಲ್ಲೇ ಇವು ಅಚ್ಚುಕಟ್ಟು.

ಒಂದು ಕೆಲಸ ಮಾಡು. ಆ ಹಳೇ ಸ್ಪ್ರಿಂಗನ್ನು ಕಳಿಸು, ಕಾರ್ಯಾಗಾರದವರು ನೋಡಬೇಕಂತೆ. ತುಕ್ಕು ಹಿಡಿದ ಸ್ಪ್ರಿಂಗು ಒಂದು ದಿನ ತಡ ಮಾಡಿದರೆ ಇನ್ನೊಂದು ದಿನ ಬೇಗ ಬಿಡುತ್ತದೆ. ಹೀಗೆ ತಿಂಗಳಿಂದ ತಿಂಗಳಿಗೆ ಕ್ರಮವಾಗಿ ತಡ ಬೆಳೆಸುವ ಸ್ಪ್ರಿಂಗನ್ನು ಅವರು ಕಂಡಿಲ್ಲವಂತೆ. ಹಾಗೇ, ಗುಂಡಿ ಒತ್ತಿದಾಗ ಗುರುತು ಬೀಳುತ್ತದಲ್ಲ, ಆ ಮೂಲ ಕಾಗದದ ಟೇಪುಗಳನ್ನೂ ಕಳಿಸು. ನೀನು ಟೈಪು ಮಾಡಿದ ಅಂಕಿಗಳು ಮಾತ್ರ ನನ್ನ ಹತ್ತಿರ ಇವೆ.

ಇಲ್ಲಿ ಪರಮಾಣು ಗಡಿಯಾರ ಬಂದಿದೆ. ಬೀಗ ಹಾಕಿದ ತಣ್ಣನೆ ಕೋಣೆಯಲ್ಲಿಟ್ಟಿದ್ದಾರೆ. ಅದಕ್ಕೆ ಆಕಾಶ ಬೇಡ, ಮೋಡದ ಹೆದರಿಕೆ ಇಲ್ಲ, ಏರುಪೇರಿಲ್ಲ. ಕಚೇರಿಯವರೆಲ್ಲ ಹೊಸ ಸೊಸೆಯನ್ನು ನೋಡೋ ಹಾಗೆ ಗಾಜಿನ ಕಿಟಕಿಯಿಂದ ಇಣುಕಿ ಬರುತ್ತಿದ್ದಾರೆ. ನಮ್ಮ ಚಂದ್ರನ ವಿಭಾಗಕ್ಕೇನೂ ತೊಂದರೆ ಇಲ್ಲ, ನೀನು ಯೋಚನೆ ಮಾಡಬೇಡ.

ಯಂತ್ರದಲ್ಲಿ ಹೊಡೆದ ಕಾಗದ ತಮ್ಮನದ್ದು ಅನಿಸುವುದಿಲ್ಲ. ಕೊನೆಗೊಂದು ಸಹಿಯನ್ನಾದರೂ ಕೈಯಲ್ಲಿ ಹಾಕು.

ನಿನ್ನ ಅಕ್ಕ


16 ಮಾರ್ಚ್ 1970

ಅಕ್ಕಾ,

ಸ್ಪ್ರಿಂಗು ಎಲ್ಲೋ ಬಿಸಾಕಿಬಿಟ್ಟೆ. ಟೇಪುಗಳ ಪೆಟ್ಟಿಗೆಗೆ ಸೂರಿನಿಂದ ನೀರು ಇಳಿದು ಎಲ್ಲಾ ಮುದ್ದೆಯಾಗಿದೆ. ಬೈಯೋದಾದರೆ ಬೈದುಬಿಡು. ಅಂಕಿಗಳು ಸರಿಯಾಗಿವೆ, ಅಷ್ಟು ನಂಬು.

ಈಗ ಒಳ್ಳೆಯ ಸುದ್ದಿ. ಹನ್ನೆರಡನೇ ತಾರೀಖು ಸಂಜೆ ಚಂದ್ರ ಕೃತ್ತಿಕೆಯ ನಕ್ಷತ್ರಗೊಂಚಲಿನ ಮೇಲೇ ಹಾದುಹೋದ. ನೀನು ಲೆಕ್ಕ ಹಾಕಿ ಕಳಿಸಿದ್ದ ಪಟ್ಟಿಯನ್ನು ಗೋಡೆಗೆ ಅಂಟಿಸಿ ಒಂದು ವಾರದಿಂದ ಮೋಡಗಳನ್ನು ಬೇಡಿಕೊಳ್ತಾ ಇದ್ವಿ. ಅವತ್ತು ಆಕಾಶ ತೊಳೆದಿಟ್ಟ ಹಾಗಿತ್ತು. ಎಳೆಯ ಚಂದ್ರ, ಅದರ ಕತ್ತಲೆಯ ಅಂಚು ಮಸುಕಾಗಿ ಕಾಣ್ತಾ ಇತ್ತು. ಒಂದು ನಕ್ಷತ್ರ ಹೋಯ್ತು, ಉಸಿರು ಎಳೆಯೋದ್ರಲ್ಲಿ ಇನ್ನೊಂದು. ನಾನು ಹೆಸರು ಹೇಳೋದು, ಗುಂಡಿ ಟಕ್ ಅನ್ನೋದು. ಯಾರೋ ದೀಪ ಆರಿಸ್ತಾ ಮನೆ ತುಂಬಾ ಓಡಾಡೋ ಹಾಗಿತ್ತು. ಪಟ್ಟಿಯಲ್ಲಿದ್ದ ಎಲ್ಲಾ ಸಿಕ್ಕಿದವು, ಒಂದು ಬಿಟ್ಟು. ಆ ಹೊತ್ತಿಗೆ ಸರಿಯಾಗಿ ಸ್ಟೂಲು ಉರುಳಿ ಗಮನ ತಪ್ಪಿತು. ಮುಗಿದ ಮೇಲೆ ನಾವು ದೀಪ ಹಚ್ಚದೆ ಕೂತಿದ್ವಿ. ಇಷ್ಟು ವರ್ಷದ ಕೆಲಸದಲ್ಲಿ ಇಂಥ ಸಂಜೆ ಬಂದಿರಲಿಲ್ಲ.

ಅಕ್ಕಾ, ಇದೊಂದನ್ನು ಮಾತ್ರ ಚೆನ್ನಾಗಿ ಸೇರಿಸು. ಈ ವರ್ಷದ ಅಂತರ ಲೆಕ್ಕ ಹಾಕುವಾಗ ನಮ್ಮ ಕೃತ್ತಿಕೆ ಅದರೊಳಗೆ ಇರಲಿ. ನಾನು ನಿನ್ನನ್ನು ಬೇರೇನೂ ಕೇಳಿಲ್ಲ.

ತಮ್ಮ


5 ಮೇ 1970

ಮರಿ,

ಕೃತ್ತಿಕೆಯ ಸಮಯಗಳು ತಲುಪಿದವು. ಚೆನ್ನಾಗಿವೆ.

ಇಲ್ಲಿ ಸೆಖೆ. ಲೆಕ್ಕದ ಯಂತ್ರಗಳ ಸದ್ದಿಗೆ ಕಿಟಕಿ ತೆರೆದರೂ ಕಷ್ಟ, ಮುಚ್ಚಿದರೂ ಕಷ್ಟ. ಹಿರಿಯರು ನಿವೃತ್ತರಾದರು. ಅವರ ಮೇಜಿಗೆ ಯಾರನ್ನೂ ಹಾಕಿಲ್ಲ.

ನೀನು ನನಗೆ ಹೇಳಬೇಕಾದದ್ದು ಏನಾದರೂ ಇದೆಯೇ? ಇದ್ದರೆ ನೀನಾಗಿ ಹೇಳುವುದು ಒಳ್ಳೆಯದು. ನಾನಾಗಿ ಕೇಳುವ ಹಾಗೆ ಮಾಡಬೇಡ. ನೀನು ಐದು ವರ್ಷದವನಿದ್ದಾಗಿನಿಂದ ನಿನ್ನ ಮುಖ ನೋಡಿಯೇ ನನಗೆ ಗೊತ್ತಾಗುತ್ತಿತ್ತು. ಈಗ ಮುಖ ಕಾಣುವುದಿಲ್ಲ, ಆದರೂ ಗೊತ್ತಾಗುತ್ತದೆ.

ಅಕ್ಕ


2 ಜೂನ್ 1970

ಅಕ್ಕಾ,

ನಿನಗೆ ಗೊತ್ತಾಗಿದೆ ಅಂತ ಈಗ ಗೊತ್ತಾಯ್ತು. ನಾನು ಎಷ್ಟು ಮುಚ್ಚಿಟ್ಟರೂ ನಿನ್ನ ಕಣ್ಣು ತಪ್ಪಿಸೋಕೆ ಆಗಲ್ಲ.

ಒಂದೇ ಬೇಡಿಕೆ. ಗೊತ್ತಿದ್ದರೂ ಗೊತ್ತಿಲ್ಲದ ಹಾಗೆ ಇದ್ದುಬಿಡು. ಇದನ್ನು ಬರವಣಿಗೆಯಲ್ಲಿ ಎತ್ತಬೇಡ, ಕಚೇರಿಯಲ್ಲಿ ಯಾರ ಹತ್ತಿರವೂ ಆಡಬೇಡ, ಇಲ್ಲಿಗೆ ಬರೋ ಯೋಚನೆಯನ್ನಂತೂ ಮಾಡಲೇಬೇಡ. ಹೇಗೋ ನಿಭಾಯಿಸ್ತಾ ಇದ್ದೀನಿ. ಆಗೋವರೆಗೆ ಹೀಗೇ ನಡೆಯಲಿ. ಇದರಿಂದ ಯಾರಿಗೂ ನಷ್ಟ ಇಲ್ಲ.

ಹೊಟ್ಟೆಗೆ ಹಾಕ್ಕೋ.

ತಮ್ಮ


18 ಜನವರಿ 1971

ಅಕ್ಕಾ,

ವಾರ್ಷಿಕ ವರದಿ ಅಂಚೆಯಲ್ಲಿ ಬಂತು. ಪ್ರತಿ ವರ್ಷದ ಹಾಗೆ ಮೊದಲು ನಮ್ಮ ಠಾಣೆಯ ಸಾಲು ಹುಡುಕಿದೆ. ಜುಲೈ 1969ರಿಂದ ಬಂದ ಒಂದು ಸಮಯವನ್ನೂ ಲೆಕ್ಕಕ್ಕೆ ತಗೊಂಡಿಲ್ಲ. ಕೃತ್ತಿಕೆಯೂ ಇಲ್ಲ. ಕಾರಣ: "ಸಾಧನದ ದೋಷ."

ಸಾಧನಕ್ಕೆ ದೋಷ ಇಲ್ಲ ಅಂತ ನಿನಗೂ ಗೊತ್ತು. ಹೊರಗಿಟ್ಟವಳು ನೀನೇ ಅಂತಲೂ ನನಗೆ ಗೊತ್ತು, ಆ ಹಾಳೆಯ ಕೊನೆಗೆ ನಿನ್ನ ಸಹಿ ಇದೆ. ಒಂದೂವರೆ ವರ್ಷ ನಾವು ಚಳಿಯಲ್ಲಿ ಕೂತು ಕಳಿಸಿದ್ದನ್ನು ತೆಗೆದು ಪಕ್ಕಕ್ಕಿಡುತ್ತಾ, "ಚೆನ್ನಾಗಿವೆ" ಅಂತ ಬರೆದೆಯಲ್ಲ.

ಯಾಕೆ ಅಂತ ಒಂದು ಮಾತು ಹೇಳು.

ತಮ್ಮ


6 ಫೆಬ್ರವರಿ 1971

ಮರಿ,

ಕೇಳಿದೆ, ಹೇಳುತ್ತೇನೆ.

ಅರ್ಧ ಸೆಕೆಂಡು ತಡ ಅಂತ ನಿನಗೆ ಬರೆದವಳು ನಾನು. ಆ ಕಾಗದ ನಿನ್ನ ಕೈ ಸೇರಿದ ದಿನದಿಂದ ಸರಿಯಾಗಿ ಅರ್ಧ ಸೆಕೆಂಡು ಮಾಯವಾಯಿತು. ಸ್ಪ್ರಿಂಗು ಕೇಳಿದರೆ ಬಿಸಾಕಿದೆ ಅಂದೆ. ಟೇಪು ಕೇಳಿದರೆ ನೀರು ಬಿತ್ತು ಅಂದೆ. ನಾನು ಬೆರಳು ತೋರಿಸಿದ ಅಂಕಿಯನ್ನು ನೀನು ಕೂತಲ್ಲೇ ಕಳೆದು ಕಳಿಸುತ್ತಿದ್ದೀಯ ಅನ್ನುವುದನ್ನು ಬಿಟ್ಟು ಬೇರೇನು ತಿಳಿಯಲಿ? ಆದರೂ ನಂಬಲಿಲ್ಲ. ನೀನಾಗಿ ಹೇಳು ಅಂತ ಕೇಳಿದೆ. ಮುಚ್ಚಿಟ್ಟದ್ದು ನಿಜ, ಯಾರಿಗೂ ಹೇಳಬೇಡ, ಇದರಿಂದ ಯಾರಿಗೂ ನಷ್ಟವಿಲ್ಲ ಅಂತ ನಿನ್ನ ಕೈಯಾರೆ ಬರೆದು ಕಳಿಸಿದೆ. ಕೈಯಾರೆಯೂ ಅಲ್ಲ, ಟೈಪು ಮಾಡಿ.

ನಷ್ಟವಿಲ್ಲವೇ? ತಿದ್ದಿದ ಸಮಯ ಒಂದು ಸೇರಿದರೆ ಎಲ್ಲ ಠಾಣೆಗಳ ಲೆಕ್ಕಕ್ಕೂ ಮೈಲಿಗೆ. ನಿಜವಾದ ಕಾರಣ ಅಚ್ಚು ಹಾಕಿದ್ದರೆ ನಿನ್ನ ಕೆಲಸ ಹೋಗುತ್ತಿತ್ತು. ಅದಕ್ಕೆ ಸಾಧನದ ದೋಷ ಅಂತ ಬರೆದೆ. ಇಪ್ಪತ್ತು ವರ್ಷದಲ್ಲಿ ನಾನು ಅಚ್ಚಿಗೆ ಕೊಟ್ಟ ಮೊದಲ ಸುಳ್ಳು ಅದು, ನಿನಗೋಸ್ಕರ.

ಕೈ ನಿಧಾನವಾಗಿದ್ದರೆ ನಿಧಾನವಾಗಿದೆ ಅಂತ ಹೇಳಬಹುದಿತ್ತು. ತಡವನ್ನು ಲೆಕ್ಕದಲ್ಲಿ ಸರಿಪಡಿಸಲು ದಾರಿ ಇದೆ, ಸುಳ್ಳನ್ನು ಸರಿಪಡಿಸಲು ನನಗೆ ದಾರಿ ಗೊತ್ತಿಲ್ಲ.

ಅಕ್ಕ


30 ಏಪ್ರಿಲ್ 1971

ಅತ್ತಿಗೆಯವರಿಗೆ,

ನಾನು ನಿಮಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಬರೆಯುತ್ತಿದ್ದೇನೆ ಅಂತ ಇವರಿಗೆ ಗೊತ್ತಿಲ್ಲ. ಕೆಳಗೆ ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ನಿಮ್ಮ ಫೆಬ್ರವರಿಯ ಕಾಗದ ಓದಿ ಇವರು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಮಡಚುವುದಕ್ಕೆ ಬಹಳ ಹೊತ್ತು ಹಿಡಿಯಿತು. "ಉತ್ತರ ಬರೀರಿ" ಅಂದೆ. "ಬರೆದರೆ ನಿಜ ಹೇಳಬೇಕಾಗುತ್ತೆ, ನಿಜ ಹೇಳಿದರೆ ಅಕ್ಕ ಬಂದುಬಿಡ್ತಾಳೆ" ಅಂದರು. ಎರಡು ತಿಂಗಳು ನೋಡಿದೆ. ಇನ್ನು ನಾನೇ ಹೇಳುತ್ತೇನೆ.

ಅತ್ತಿಗೆ, ಇವರಿಗೆ ಮಾವನವರ ಕಾಯಿಲೆ. ಎರಡು ವರ್ಷ ಕಳೆಯಿತು. ಮೊದಲು ಬರಹ ಸಣ್ಣದಾಯಿತು, ಬಟ್ಟಲು ಕೈಯಲ್ಲಿ ನಿಲ್ಲಲಿಲ್ಲ. ಆಮೇಲೆ ಬಲಗೈ ಹೇಳಿದ ಮಾತು ಕೇಳುವುದು ಬಿಟ್ಟಿತು. ನಕ್ಷತ್ರ ಆರಿದ್ದು ಕಣ್ಣಿಗೆ ಆ ಕ್ಷಣವೇ ಕಾಣುತ್ತಿತ್ತಂತೆ, ಬೆರಳು ಮಾತ್ರ ಹೊರಡುವುದು ತಡವಾಗುತ್ತಿತ್ತಂತೆ. ಆ ತಡ ಲೆಕ್ಕ ಕೆಡಿಸುವಷ್ಟಿದೆ ಅಂತ ಮಾತ್ರ ಗೊತ್ತಿರಲಿಲ್ಲ. ಅರ್ಧ ಸೆಕೆಂಡು ಅಂತ ನಿಮ್ಮ ಕಾಗದ ಬಂದ ದಿನ ಊಟ ಬಿಟ್ಟು ಕೂತರು. "ನಾನು ಇನ್ನು ಕಳಿಸಿದರೆ ಅಕ್ಕನ ಲೆಕ್ಕ ಕೆಡುತ್ತೆ" ಅಂದರು. ಅವತ್ತೇ ಸಂಜೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು.

ಅವತ್ತಿನಿಂದ ದೂರದರ್ಶಕಕ್ಕೆ ಕಣ್ಣಿಟ್ಟದ್ದು ನಾನು, ಗುಂಡಿ ಒತ್ತಿದ್ದು ನಾನು. ಯಾವ ನಕ್ಷತ್ರ, ಎಲ್ಲಿ ನೋಡಬೇಕು, ಎಲ್ಲಾ ಇವರು ಪಕ್ಕದಲ್ಲಿ ನಿಂತು ಹೇಳುತ್ತಿದ್ದರು. ಮದುವೆಗೆ ಮುಂಚೆ ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವಳು. ದೀಪ ಹತ್ತಿದ ಕೂಡಲೇ ತಂತಿ ಚುಚ್ಚಿ ಚುಚ್ಚಿ ಕೈ ಪಳಗಿತ್ತು. ಇಲ್ಲಿ ದೀಪ ಆರಿದ ಕೂಡಲೇ ಒತ್ತುವುದು, ಅಷ್ಟೇ ವ್ಯತ್ಯಾಸ. ಒಂದು ಅಂಕಿಯನ್ನೂ ಯಾರೂ ಕಳೆಯಲಿಲ್ಲ, ಕೂಡಿಸಲಿಲ್ಲ. ಟೇಪುಗಳ ಮೇಲೆ ನನ್ನ ಕೈಬರಹ ಇತ್ತು. ಅದಕ್ಕೇ ನಿಮಗೆ ಕಳಿಸಲಿಲ್ಲ. ನೀರು ಬಿದ್ದದ್ದು ಸುಳ್ಳು, ಸ್ಪ್ರಿಂಗಿನ ತುಕ್ಕೂ ಸುಳ್ಳು.

ಕೃತ್ತಿಕೆಯ ಸಂಜೆ ಒಂದು ನಕ್ಷತ್ರ ತಪ್ಪಿತಲ್ಲ, ಉರುಳಿದ್ದು ಸ್ಟೂಲಲ್ಲ. ಇವರು ಬಿದ್ದರು. ನಾನು ಎದ್ದು ಓಡಿದರೆ ನೆಲದ ಮೇಲಿಂದಲೇ, "ನನ್ನನ್ನು ಬಿಡು, ಮುಂದಿನದು ಬರ್ತಾ ಇದೆ, ಕಣ್ಣಿಡು" ಅಂತ ಗದರಿದರು. ನಾನು ಹೋಗಿ ಕಣ್ಣಿಟ್ಟೆ. ಮುಗಿಯುವವರೆಗೆ ಇವರು ಹಾಗೇ ನೆಲದ ಮೇಲೆ ಮಲಗಿಕೊಂಡೇ ಹೆಸರು ಹೇಳುತ್ತಿದ್ದರು. ಆಮೇಲೆ ಎಬ್ಬಿಸಿ ಗೋಡೆಗೆ ಒರಗಿಸಿದೆ.

ಜೂನಿನಲ್ಲಿ ಇವರು ಬರೆದದ್ದು ಕಾಯಿಲೆಯ ವಿಷಯ. ನಿಮಗೆ ಗೊತ್ತಾಗಿದೆ ಅಂದುಕೊಂಡು ಬರೆದರು. "ಅಕ್ಕ ಒಂದು ಸಲ ಇದನ್ನೆಲ್ಲ ಮಾಡಿದ್ದಾಳೆ, ಇನ್ನೊಂದು ಸಲ ಮಾಡಿಸಬಾರದು" ಅನ್ನುವುದು ಇವರ ಹಠ. ಮೇಲಿನವರಿಗೆ ತಿಳಿದರೆ ಠಾಣೆಯ ಮನೆ ಬಿಡಿಸುತ್ತಾರೆ ಅನ್ನುವ ಹೆದರಿಕೆಯೂ ಇತ್ತು, ಇಲ್ಲ ಅನ್ನುವುದಿಲ್ಲ.

ನೀವು ಇವರನ್ನು ಸುಳ್ಳುಗಾರ ಅಂದಿರಿ. ಸುಳ್ಳು ಹೇಳಿದ್ದು ನಿಜ. ಆದರೆ ನೀವು ಅಂದುಕೊಂಡ ಸುಳ್ಳು ಅಲ್ಲ.

ನಿಮ್ಮ ತಮ್ಮನ ಹೆಂಡತಿ


20 ಮೇ 1971

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಮೂರು ಸಲ ಬರೆದು ಹರಿದೆ. ನಿನ್ನನ್ನು ಹೇಗೆ ಕರೆಯಬೇಕೆಂದು ಕೂಡ ತಿಳಿಯಲಿಲ್ಲ. ಇಷ್ಟು ವರ್ಷ "ನಿನ್ನ ಹೆಂಡತಿ" ಅಂತ ಅವನಿಗೇ ಬರೆದುಬಿಟ್ಟೆ. ತಂಗೀ ಅನ್ನುತ್ತೇನೆ, ಬೇಡವಾದರೆ ಹೇಳು.

ಅಪ್ಪನ ಕೊನೆಯ ಸಹಿಗಳೂ ಇರುವೆಯಷ್ಟೇ ಇದ್ದವು. ನಾನೇ ಕೈ ಹಿಡಿದು ಹಾಕಿಸುತ್ತಿದ್ದೆ. ತಮ್ಮನ ಕಾಗದ ಹಾಗೇ ಬಂದಾಗ ನಕ್ಕು ತಮಾಷೆ ಮಾಡಿದೆ. ಬೇರೆ ಯಾರದ್ದಾದರೂ ಆಗಿದ್ದರೆ ಮೊದಲ ಸಾಲಿಗೇ ಗುರುತಿಸುತ್ತಿದ್ದೆ.

ನೀನು ಕಳಿಸಿದ ಸಮಯಗಳನ್ನೆಲ್ಲ ತೆಗೆದು, ಸಂಜೆ ಎಲ್ಲರೂ ಹೋದ ಮೇಲೆ ಕೂತು, ಸೇರಿಸಿ ಮತ್ತೆ ಲೆಕ್ಕ ಹಾಕಿದೆ. ಯಾವ ಠಾಣೆಯದ್ದಕ್ಕೂ ಕಡಿಮೆಯಿಲ್ಲ. ಕೃತ್ತಿಕೆ ಸೇರಿದ್ದಿದ್ದರೆ ಆ ವರ್ಷದ ಅಂತರ ಇನ್ನಷ್ಟು ಗಟ್ಟಿಯಾಗುತ್ತಿತ್ತು. ತಿದ್ದುಪಡಿ ಅಚ್ಚು ಹಾಕಿಸಿ ಅಂತ ಮುಖ್ಯಸ್ಥರ ಮುಂದೆ ನಿಂತೆ. ಅವರು ಕೆಟ್ಟವರಲ್ಲ. ಕುರ್ಚಿ ತೋರಿಸಿ, "ಮುಂದಿನ ವರ್ಷದಿಂದ ಪರಮಾಣು ಗಡಿಯಾರದ ಕಾಲವೇ ಎಲ್ಲರಿಗೂ. ಚಂದ್ರನನ್ನು ನೋಡಿ ತಿದ್ದಿದ್ದನ್ನು ಇನ್ನು ಯಾರು ಓದುತ್ತಾರಮ್ಮ?" ಅಂದರು. ನಮ್ಮ ವಿಭಾಗವನ್ನು ಮುಚ್ಚುತ್ತಾರೆ ಅಂತ ನನಗೆ ಒಂದೂವರೆ ವರ್ಷದಿಂದ ಗೊತ್ತಿತ್ತು. ತೊಂದರೆ ಇಲ್ಲ ಅಂತ ತಮ್ಮನಿಗೆ ಬರೆದಿದ್ದೆ.

ಈಗ ಕಷ್ಟದ ಮಾತು. ನಿಮ್ಮ ಠಾಣೆ ಮುಚ್ಚುವ ಆದೇಶಕ್ಕೂ ಸಹಿ ಬಿದ್ದಿದೆ. ಈ ಕಾಗದದ ಹಿಂದೆ ಮುಂದೆ ಅಂಚೆಯಲ್ಲಿ ಬರುತ್ತದೆ. ಅದನ್ನು ಅವನ ಕೈಗೆ ಕೊಡಬೇಡ. ಬರುವ ತಿಂಗಳ ಕೊನೆಯ ವಾರ ನಾನು ಬರುತ್ತೇನೆ. ನೋಡಿಕೊಳ್ಳಲು ಬರುತ್ತಾಳೆ ಅಂತ ಹೇಳಬೇಡ. ಕಚೇರಿಯವರು ಠಾಣೆಗೆ ಕಳಿಸಿದ್ದಾರೆ ಅನ್ನು. ಅಮಾವಾಸ್ಯೆ ಕಳೆದ ಮೇಲೆ ಸಂಜೆ ಮರೆಯಾಗುವ ನಕ್ಷತ್ರಗಳನ್ನು ನಾನೇ ಲೆಕ್ಕ ಹಾಕಿ ಪಟ್ಟಿ ಮಾಡಿದ್ದೇನೆ. ನೀನು ಮೇಲೆ ಹೋಗಿ ನೋಡು, ನಾನು ಅವನ ಪಕ್ಕ ಕೂತಿರುತ್ತೇನೆ. ಆ ಸಮಯಗಳು ಲೆಕ್ಕಕ್ಕೆ ಸೇರುತ್ತವೆ ಅಂತಲೇ ಅವನು ತಿಳಿದಿರಲಿ.

ಅವನಿಗೆ ನಾನು ಬೇರೆ ಬರೆಯುವುದಿಲ್ಲ. ಬರೆದು ಆದದ್ದು ಸಾಕು. ಎದುರಿಗೆ ಕೂತು ಹೇಳುತ್ತೇನೆ.

ಅತ್ತಿಗೆ


5 ಜೂನ್ 1971

ಅತ್ತಿಗೆ,

ತಂಗೀ ಅಂದಿರಿ, ಬೇಡ ಅನ್ನುವುದಿಲ್ಲ.

ಆದೇಶ ನಿಮ್ಮ ಕಾಗದಕ್ಕಿಂತ ಮೊದಲೇ ಬಂತು. ನಾನು ನೀರು ತರಲು ಹೋಗಿದ್ದೆ, ಅಂಚೆಯವನು ಇವರ ಕೈಗೇ ಕೊಟ್ಟಿದ್ದ. ಬಂದು ನೋಡಿದರೆ ಮೇಜಿನ ಮುಂದೆ ಕೂತು ಲಕೋಟೆ ಒಡೆಯುತ್ತಿದ್ದರು. ಕೈ ಹಾಕಲು ಹೋದೆ, ಬಿಡಲಿಲ್ಲ. ಕಾಗದ ಬಿಡಿಸುವ ಹೊತ್ತಿಗೆ ಅದು ಅರ್ಧ ಹರಿದಿತ್ತು. ಓದಿದರು. ಅಳಲಿಲ್ಲ. ಈಗ ಇವರ ಮುಖದಲ್ಲಿ ನಗುವೂ ಅಳುವೂ ಗೊತ್ತಾಗುವುದಿಲ್ಲ, ಮಾವನವರದ್ದೂ ಹಾಗಾಗಿತ್ತಲ್ಲ.

ಆಮೇಲೆ ನಿಮ್ಮ ಕಾಗದ ಬಂತು. ನಾನು ನಿಮಗೆ ಬರೆದದ್ದನ್ನು ಒಪ್ಪಿಕೊಂಡೆ, ನೀವು ಬರುತ್ತೀರಿ ಅಂತಲೂ ಹೇಳಿದೆ. ಕೋಪ ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಏನು ಹೇಳಿದರು ಗೊತ್ತೇ? "ಠಾಣೆ ಮುಚ್ಚೋದು ನನಗೆ ಗೊತ್ತು ಅಂತ ಅಕ್ಕನಿಗೆ ಹೇಳಬೇಡ. ಕೆಲಸ ಇದೆ ಅಂತ ಬರ್ತಾಳಲ್ಲ, ಹಾಗೇ ಬರಲಿ. ರೋಗೀನ ನೋಡಿಕೊಳ್ಳೋಕೆ ಬಂದೆ ಅಂತ ಅವಳಿಗೆ ಅನಿಸಬಾರದು."

ನೀವು ಅವರಿಗೆ ಹೇಳಬೇಡ ಅನ್ನುತ್ತೀರಿ, ಅವರು ನಿಮಗೆ ಹೇಳಬೇಡ ಅನ್ನುತ್ತಾರೆ. ನಿಮ್ಮಿಬ್ಬರ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿ ನನಗೆ ಸಾಕಾಗಿದೆ ಅತ್ತಿಗೆ. ಅವರ ಮಾತು ನಿಮಗೆ, ನಿಮ್ಮ ಮಾತು ಅವರಿಗೆ ಹೇಳಿಬಿಟ್ಟಿದ್ದೇನೆ. ಇನ್ನು ನೀವುಂಟು, ನಿಮ್ಮ ತಮ್ಮನುಂಟು.

ಸೆಪ್ಟೆಂಬರಿಗೆ ಮನೆ ಬಿಡಬೇಕಂತೆ. ಎಲ್ಲಿಗೆ, ಹೇಗೆ ಅನ್ನುವುದನ್ನು ಮೂವರೂ ಕೂತು ಮಾತಾಡೋಣ. ಎಕ್ಸ್‌ಚೇಂಜಿನಲ್ಲಿ ನನಗೆ ಮತ್ತೆ ಕೆಲಸ ಸಿಗಬಹುದೇನೋ ಅಂತ ಒಂದು ಅರ್ಜಿ ಹಾಕಿದ್ದೇನೆ. ಇದನ್ನು ಇವರಿಗೆ ಹೇಳಿಯೇ ಹಾಕಿದ್ದೇನೆ.

ಗುಡ್ಡದ ಬುಡದವರೆಗೆ ಬಸ್ಸು ಬರುತ್ತದೆ. ಅಲ್ಲಿಂದ ಮೇಲಕ್ಕೆ ನಡೆಯಬೇಕು, ಕಾವಲುಗಾರನನ್ನು ಕಳಿಸುತ್ತೇನೆ. ದಪ್ಪ ಶಾಲು ತನ್ನಿ. ನಿಮ್ಮ ಪಟ್ಟಿಯನ್ನೂ ತನ್ನಿ. ಯಾರಿಗೂ ಬೇಡದಿದ್ದರೆ ಬೇಡ, ಆಕಾಶ ತಿಳಿಯಾಗಿದ್ದರೆ ನಾನು ನೋಡುತ್ತೇನೆ. ಅಭ್ಯಾಸವಾಗಿದೆ.

ಬಂದ ದಿನವೇ ಅವರ ಹತ್ತಿರ ಎಲ್ಲಾ ಮಾತಾಡಬೇಕು ಅಂತ ಹೊರಟುಬರುತ್ತೀರಿ, ನನಗೆ ಗೊತ್ತು. ಮೆಲ್ಲಗೆ ಕೇಳಿ. ಈಗ ನೀವು ಏನಾದರೂ ಕೇಳಿದರೆ ಅವರ ಬಾಯಿಂದ ಉತ್ತರ ಬರುವುದು ತಡವಾಗುತ್ತದೆ. ಕೇಳಿಸಲಿಲ್ಲವೇನೋ, ಮನಸ್ಸಿಲ್ಲವೇನೋ ಅನಿಸುತ್ತದೆ. ಹಾಗಲ್ಲ. ಅಷ್ಟರಲ್ಲಿ ಎದ್ದು ಹೋಗಬೇಡಿ.

ನಿಮ್ಮ ತಂಗಿ